ಒಂದು ಪೆಟ್ಟು, ಒಂದೂವರೆ ಪಟ್ಟು

ಇರಾವತಿ ಕೇಳಿದ್ದು ಇಷ್ಟೇ:
ಚಿತ್ರ ನಿಧಾನವಾಗಿದೆ, ಸದ್ದನ್ನೂ ನಿಧಾನ ಮಾಡು.
ಒಂದೂವರೆ ಪಟ್ಟು. ಶ್ರುತಿ ಇಳಿಯಕೂಡದು.
ಗುರುವಾರದೊಳಗೆ.

ಪುಣೆಯ ಕಸಬಾ ಪೇಟೆ, ತಾಂಬಟರ ಓಣಿ.
ಮಾರ್ಚ್ ತಿಂಗಳ ಒಂದು ಬೆಳಿಗ್ಗೆ
ವಡ್ಕೆ ಅಜ್ಜ ಹಂಡೆಯ ಹೊಟ್ಟೆಗೆ ಬಡಿದ ಹನ್ನೊಂದು ಪೆಟ್ಟು
ನನ್ನ ಬಳಿ ಇವೆ.
ಏಳನೆಯದರ ಬೆನ್ನಿಗೇ ಯಾವುದೋ ಸ್ಕೂಟರಿನ ಹಾರನ್,
ಒಂಬತ್ತರ ನಂತರ ಅವರ ಕೆಮ್ಮು.

ಮೊದಲನೆಯ ಅಲ್ಗಾರಿದಮ್ಮು ಸದ್ದನ್ನು ತುರಿಯುತ್ತದೆ,
ತೆಂಗಿನಕಾಯಿ ತುರಿದ ಹಾಗೆ.
ಹರವಿ, ಸಾಲದಿದ್ದ ಕಡೆ
ಅದೇ ತುರಿಯನ್ನು ಇನ್ನೊಮ್ಮೆ ಉದುರಿಸುತ್ತದೆ.
ಹಾಗಾಗಿ ಪ್ರತಿ ಪೆಟ್ಟಿಗೂ ಒಂದು ಅವಳಿ:
ಟಣ್-ಟಣ್ಣ್, ಟಣ್-ಟಣ್ಣ್.
ತೊದಲುವ ಸುತ್ತಿಗೆ.

ಎರಡನೆಯದಕ್ಕೆ ಗಣಿತ ಬರುತ್ತದೆ.
ಸದ್ದನ್ನು ಸಾವಿರ ಎಳೆಯಾಗಿ ಸೀಳಿ
ಒಂದೊಂದನ್ನೂ ಬೇರೆಬೇರೆ ಎಳೆದು
ಮತ್ತೆ ಹೊಸೆಯುವಾಗ
ಯಾವುದು ಯಾರ ಜೊತೆ ಹೊರಟಿತ್ತೆಂಬುದನ್ನೇ ಮರೆಯುತ್ತದೆ.
ಪೆಟ್ಟಿಗಿಂತ ಮುಂಚೆ ಪೆಟ್ಟಿನ ನೆರಳು ಬೀಳುತ್ತದೆ.
ಒದ್ದೆ ಗೋಣಿಯ ಮೇಲೆ ಬಡಿದಂತೆ,
ಬಾವಿಯೊಳಗಿಂದ ಯಾರೋ ಮಾತಾಡಿದಂತೆ.
ನನ್ನ ಪಟ್ಟಿಯಲ್ಲಿ ಹತ್ತಕ್ಕೆ ಎರಡು.

ಮೂರನೆಯದು ದುಬಾರಿ,
ವರ್ಷ ವರ್ಷ ಬಾಡಿಗೆ ಕಟ್ಟಬೇಕು.
ಪೆಟ್ಟು ಎಲ್ಲಿದೆಯೆಂದು ಅದು ಮೊದಲು ಹುಡುಕುತ್ತದೆ,
ಅಲ್ಲಿ ಕೈಯಿಡುವುದಿಲ್ಲ;
ಬಿದ್ದ ಮೇಲಿನ ಝೇಂಕಾರವನ್ನಷ್ಟೇ
ಹಪ್ಪಳದ ಹಿಟ್ಟಿನಂತೆ ಲಟ್ಟಿಸುತ್ತದೆ.
ಹೆಡ್‌ಫೋನಿನಲ್ಲಿ ಕೇಳಿದೆ, ಸ್ಪೀಕರಿನಲ್ಲಿ ಕೇಳಿದೆ,
ಅಗ್ಗದ ಮೊಬೈಲಿನಲ್ಲಿ,
ಆಮೇಲೆ ಕೋಣೆಯ ಬಾಗಿಲು ಹಾಕಿ ಮೆಟ್ಟಿಲ ಮೇಲೆ ಕೂತು.
ಒಂಬತ್ತು.
ಎಡವಿದ್ದು ಕೆಮ್ಮೊಂದರಲ್ಲಿ:
ಅಜ್ಜನ ಕೆಮ್ಮು ರಾಕ್ಷಸನ ಆಕಳಿಕೆಯಾಗಿತ್ತು.
ಕತ್ತರಿಸಿದೆ.

ಬುಧವಾರ ವಡ್ಕೆ ಅಜ್ಜ ಬಂದರು,
ರಸೀದಿಗೆ ಸಹಿ ಹಾಕಲು, ಮೂರು ಮಹಡಿ ಹತ್ತಿ.
ನನಗೆ ಆಸೆ. ಕ್ರಮ ಕಲಸಿ, ಹೆಸರು ಹೇಳದೆ,
ಬಿಳಿ ಟೋಪಿಯ ಮೇಲೇ ಹೆಡ್‌ಫೋನು ಕೂರಿಸಿದೆ.

ತೊದಲುವುದನ್ನು ಕೇಳಿ ನಕ್ಕರು:
ಇಬ್ಬರು ಬಡೀತಿದ್ದಾರೆ, ಒಬ್ಬನಿಗೆ ಲೆಕ್ಕ ಬರೋದಿಲ್ಲ.

ನನ್ನ ಒಂಬತ್ತನ್ನು ಕೇಳಿ ತಲೆಯಾಡಿಸಿದರು:
ಯಾರೋ ಹುಡುಗ. ಕೈ ಚೂಪು.
ನಾನಾಗಿದ್ದರೆ ನಡುವೆ ಒಮ್ಮೆ ಕೆಮ್ಮಿದ್ದೆ.

ಬಾವಿಯೊಳಗಿನದನ್ನು ಹಾಕಿದೆ.
ಕಣ್ಣು ಮುಚ್ಚಿದರು. ಬಲಗೈ
ತೊಡೆಯ ಮೇಲೆ ತಾನಾಗಿ ಎದ್ದು ಬಿದ್ದು ಮಾಡಿತು,
ಪೆಟ್ಟಿಗೊಮ್ಮೆ, ನೆರಳಿಗೊಮ್ಮೆ ಅಲ್ಲ.
ಹೇಚ್, ಅಂದರು. ಇದೇ.
ಇದು ನನ್ನ ಹಂಡೆ.
ದಿನಾ ಹೀಗೇ ಕೇಳೋದು.

ಸಹಿ ಎಲ್ಲಿ ಎಂದು ತೋರಿಸಲು
ಅವರ ಎಡಗಿವಿಯ ಹತ್ತಿರ ಬಾಗಿ
ನಾನು ಎರಡು ಸಲ ಕೂಗಬೇಕಾಯಿತು.
ಎಷ್ಟು ವರ್ಷದಿಂದ ಈ ಕೆಲಸ, ಎಂದು ಮೂರನೆಯ ಸಲ.
ಐವತ್ತೆರಡು, ಎಂದರು; ನನ್ನ ನಿಪ್ಪಾಣಿ ಮರಾಠಿಗೆ ನಕ್ಕು
ಸುತ್ತಿಗೆ ಹಿಡಿದಂತೆ ಪೆನ್ನು ಹಿಡಿದರು.

ಮೆಟ್ಟಿಲಿಳಿಯುತ್ತ ನಿಂತು ಹೇಳಿದರು:
ನಿಧಾನವೇ ಬೇಕಿದ್ದರೆ ಅವತ್ತೇ ಹೇಳಬಾರದಿತ್ತೇನವ್ವ,
ನಿಧಾನವಾಗಿ ಬಡೀತಿದ್ದೆ.
ಹಂಡೆ ಮಾತ್ರ ಹಾಳಾಗುತ್ತಿತ್ತು.

ಗುರುವಾರ ಮೂರನೆಯದನ್ನೇ ಕಳಿಸಿದೆ.
ಇರಾವತಿಗೆ ಬಹಳ ಹಿಡಿಸಿತು, ಬಿಲ್ ಕೇಳಿದಳು.

ಪಟ್ಟಿ ಮೇಜಿನ ಮೇಲಿದೆ.
ಹತ್ತಕ್ಕೆ ಎರಡನ್ನು ಹೊಡೆದುಹಾಕಿದ್ದೇನೆ.
ಆ ಮನೆಯಲ್ಲಿ ಇನ್ನೂ ಏನೂ ಬರೆದಿಲ್ಲ.
ಕೆಳಗೆ ಯಾರದೋ ಸುತ್ತಿಗೆ, ಸ್ವಚ್ಛ, ಗರಿಗರಿ.
ಕಿಟಕಿ ಹಾಕಿದೆ.
ಒಂದಿಷ್ಟು ಹತ್ತಿರ ಬಂದಂತಾಯಿತು.